ಕಾರ್ಡನ್ನು ಹಿಡಿದಿರುವುದು ಯಾರು?



ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡಿದ್ದೀಯ. ಪರದೆ ಬಂತು, ಸದ್ದು ಬಂತು, ಕನ್ನಡ ಕೀಲಿಮಣೆಯೂ ಸರಿಯಾಗಿ ಕೂತಿತು. ವೈಫೈ ಮಾತ್ರ ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಫೋನಿನಲ್ಲಿ ಹುಡುಕಿದರೆ ಯಾರೋ ಬರೆದ ನಾಲ್ಕು ಸಾಲು ಕಮಾಂಡ್ ಸಿಗುತ್ತದೆ. ಅದನ್ನು ಟರ್ಮಿನಲ್ಲಿಗೆ ಹಾಕಿ ನೋಡುತ್ತೀಯ. ಆಗಲಿಲ್ಲ ಎಂದರೆ ಇನ್ನೊಬ್ಬರು ಬರೆದ ಆರು ಸಾಲು. ಆ ಎರಡನೆಯ ಆರು ಸಾಲನ್ನು ಹಾಕುವ ಮೊದಲು ನಿನ್ನನ್ನು ಸ್ವಲ್ಪ ತಡೆಯಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಡ್ರೈವರ್ ಇಲ್ಲದಿದ್ದರೆ ವೈಫೈ ಬರುವುದಿಲ್ಲ, ಸರಿ. ಆದರೆ ಒಂದೇ ಕಾರ್ಡಿಗೆ ಎರಡು ಡ್ರೈವರ್‌ಗಳು ಕೈ ಹಾಕಿದಾಗಲೂ ಬರುವುದಿಲ್ಲ. ಆಗ ಹೊಸದನ್ನು ಸೇರಿಸಿದಷ್ಟೂ ಗಂಟು ಬಿಗಿಯಾಗುತ್ತದೆ. ಆದ್ದರಿಂದ ಮೊದಲು ಕಾರ್ಡನ್ನು ಯಾರು ಹಿಡಿದಿದ್ದಾರೆಂದು ನೋಡು, ಬೇಡದ್ದನ್ನು ಬಿಡಿಸು; ಸೇರಿಸುವ ಮಾತು ಆಮೇಲೆ.

ಇದನ್ನು ಒಂದೇ ಚಿಪ್ ಮುಂದಿಟ್ಟುಕೊಂಡು ಹೇಳುತ್ತೇನೆ: ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ4312. 2009ರ ಆಸುಪಾಸಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಇದೆ. ಈ ಕಂಪನಿ ತನ್ನ ವೈಫೈ ಚಿಪ್‌ಗಳ ಒಳವಿವರಗಳನ್ನು ಲಿನಕ್ಸ್ ಬರೆಯುವವರಿಗೆ ಬಹುಕಾಲ ಕೊಡಲಿಲ್ಲ. ಸ್ವಯಂಸೇವಕರು ಎರಡು ತಂಡವಾಗಿ ಕೂತರು. ಒಂದು ತಂಡ ಕಂಪನಿಯ ಡ್ರೈವರನ್ನು ಬಿಚ್ಚಿ ನೋಡಿ, ಚಿಪ್ ಹೇಗೆ ನಡೆದುಕೊಳ್ಳುತ್ತದೆಂದು ವಿವರಣೆ ಬರೆಯಿತು. ಇನ್ನೊಂದು ತಂಡ ಮೂಲ ಡ್ರೈವರಿನ ಕಡೆ ಕಣ್ಣೆತ್ತಿಯೂ ನೋಡದೆ, ಆ ವಿವರಣೆಯೊಂದನ್ನೇ ನಂಬಿ ಹೊಸ ಡ್ರೈವರ್ ಬರೆಯಿತು. 2006ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ ಸೇರಿದ ಈ ಕೆಲಸ, 2008ರ ಆರಂಭದಲ್ಲಿ ಬಂದ ಅದರ 2.6.24 ಆವೃತ್ತಿಯಲ್ಲಿ ಬಿ43 ಎಂಬ ಹೆಸರು ಪಡೆಯಿತು. ಅಷ್ಟು ತಾಳ್ಮೆಯ ಕೆಲಸವನ್ನು ಸಂಬಳವಿಲ್ಲದೆ ಮಾಡಿದವರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಇತ್ತ ಕಂಪನಿಯೂ ತನ್ನದೇ ಡ್ರೈವರೊಂದನ್ನು ಲಿನಕ್ಸಿಗೆ ಕೊಟ್ಟಿತು. ಅದರ ಹೆಸರು ಡಬ್ಲ್ಯೂಎಲ್. ಅದರ ಮುಖ್ಯ ಭಾಗ ಯಾರೂ ಓದಲಾಗದಂತೆ ಮುಚ್ಚಿದ್ದು. 2010ರ ಸೆಪ್ಟೆಂಬರಿನಲ್ಲಿ ಕಂಪನಿ ತೆರೆದ ಡ್ರೈವರನ್ನೂ ಹೊರತಂದಿತು, ಆದರೆ ಅದು ಬಿಸಿಎಂ4313ರಂಥ ಮುಂದಿನ ಚಿಪ್‌ಗಳಿಗೆ. ನಮ್ಮ 4312ಕ್ಕೆ ಅಲ್ಲ. ಹೀಗೆ ಈ ಒಂದು ಕಾರ್ಡಿಗೆ ಹಕ್ಕುದಾರರು ಇಬ್ಬರಾದರು, ಮತ್ತು ಇಬ್ಬರ ಹಕ್ಕೂ ನಿಜವಾದದ್ದೇ.

ಕಂಪ್ಯೂಟರ್ ಶುರುವಾದಾಗ ನಡೆಯುವುದು ಇಷ್ಟು. ಪ್ರತಿ ಕಾರ್ಡೂ ತಯಾರಕರ ಸಂಖ್ಯೆ ಮತ್ತು ಸಾಧನದ ಸಂಖ್ಯೆ ಎರಡನ್ನೂ ಹೇಳಿಕೊಳ್ಳುತ್ತದೆ. ನಮ್ಮ ಕಾರ್ಡಿನದು 14ಇ4:4315. ಡ್ರೈವರ್‌ಗಳು ಕರ್ನಲ್ಲಿಗೆ ಬೇಕಾದಾಗ ಸೇರುವ ತುಂಡುಗಳಿಗೆ ಮಾಡ್ಯೂಲ್ ಎನ್ನುತ್ತಾರೆ; ಯಾವ ಸಂಖ್ಯೆಗೆ ಯಾವ ಮಾಡ್ಯೂಲ್ ಎಂಬ ಪಟ್ಟಿ ಕರ್ನಲ್ ಮಾಡ್ಯೂಲ್‌ಗಳ ಜೊತೆಗೇ ಇರುತ್ತದೆ. ಒಂದೇ ಸಂಖ್ಯೆಯ ಎದುರು ಎರಡು ಹೆಸರಿದ್ದರೆ ಎರಡೂ ಒಳಗೆ ಬರುತ್ತವೆ. ಯಾವುದು ಮೇಲು ಎಂದು ಆ ಪಟ್ಟಿ ಹೇಳುವುದಿಲ್ಲ. ಮೊದಲು ಬಂದದ್ದು ಕಾರ್ಡನ್ನು ಹಿಡಿಯುತ್ತದೆ, ಎರಡನೆಯದು ಬರಿಗೈಯಲ್ಲಿ ಕೂತಿರುತ್ತದೆ. ನಿನ್ನೆ ಬಂದ ವೈಫೈ ಇಂದು ಕಾಣೆಯಾಗುವುದಕ್ಕೆ ಇದೂ ಒಂದು ಕಾರಣ: ಶುರುವಾಗುವಾಗಿನ ಸರದಿ ಕೊಂಚ ಹಿಂದುಮುಂದಾದರೆ ಸಾಕು.

ಈಗ ಸಾಕ್ಷಿ. ಎಲ್‌ಎಸ್‌ಪಿಸಿಐ ಎಂಬ ಕಮಾಂಡನ್ನು ಎನ್, ಎನ್, ಕೆ ಎಂಬ ಮೂರು ಅಕ್ಷರಗಳ ಆಯ್ಕೆಯೊಂದಿಗೆ ಓಡಿಸು. ವೈಫೈ ಕಾರ್ಡಿನ ಹೆಸರು, ಅದರ ಸಂಖ್ಯೆ, ಅದರ ಕೆಳಗೆ ನೀನು ನೋಡಬೇಕಾದ ಎರಡು ಸಾಲು. ಒಂದು ಸಾಲು ಬಳಕೆಯಲ್ಲಿರುವ ಡ್ರೈವರನ್ನು ಹೇಳುತ್ತದೆ. ಇನ್ನೊಂದು ಈ ಕಾರ್ಡಿಗೆ ಒಪ್ಪಬಲ್ಲ ಮಾಡ್ಯೂಲ್‌ಗಳನ್ನು. ಮೊದಲನೆಯದು ಸ್ವಾಧೀನದಲ್ಲಿರುವವರು, ಎರಡನೆಯದು ಹಕ್ಕು ಹೇಳುವವರು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಎಡವುವವರು ಬಹಳ. ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ಓಡಿಸಿ, ಅಲ್ಲಿ ಡಬ್ಲ್ಯೂಎಲ್ ಹೆಸರು ಕಂಡು, ‘ಡ್ರೈವರ್ ಲೋಡ್ ಆಗಿದೆಯಲ್ಲ, ಕಾರ್ಡೇ ಕೆಟ್ಟಿರಬೇಕು’ ಎಂದುಕೊಳ್ಳುತ್ತಾರೆ. ಲೋಡ್ ಆಗಿರುವುದು ಬೇರೆ, ಕಾರ್ಡನ್ನು ಹಿಡಿದಿರುವುದು ಬೇರೆ.

ಬಿಸಿಎಂ4312ರಲ್ಲಿ ಆ ಮೊದಲ ಸಾಲು ಎಷ್ಟೋ ಸಲ ಬಿ43-ಪಿಸಿಐ-ಬ್ರಿಡ್ಜ್ ಎಂದು ತೋರಿಸುತ್ತದೆ. ಇಲ್ಲಿ ಸ್ವಲ್ಪ ನಿಲ್ಲು, ಇಡೀ ತೊಡಕಿನ ಗುಟ್ಟು ಇದರಲ್ಲೇ ಇದೆ. ಬಿ43 ಕಾರ್ಡನ್ನು ನೇರವಾಗಿ ಹಿಡಿಯುವುದಿಲ್ಲ. ಎಸ್‌ಎಸ್‌ಬಿ ಎಂಬ ಇನ್ನೊಂದು ಮಾಡ್ಯೂಲ್ ಕಾರ್ಡನ್ನು ಹಿಡಿದು, ಅದರೊಳಗಿನ ಭಾಗಗಳನ್ನು ಬಿ43ಗೆ ತೋರಿಸುತ್ತದೆ. ಈ ಬ್ರಿಡ್ಜ್ ಎಸ್‌ಎಸ್‌ಬಿಯದೇ ಭಾಗ. ಆದ್ದರಿಂದ ‘ಬಿ43ಯನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಡಬ್ಲ್ಯೂಎಲ್ ಹಾಕಿ’ ಎಂಬ ಸಲಹೆಯನ್ನು ಅಕ್ಷರಶಃ ಪಾಲಿಸಿದರೆ ಬಿ43 ಹೊರಗುಳಿಯುತ್ತದೆ, ಎಸ್‌ಎಸ್‌ಬಿ ಮಾತ್ರ ಕಾರ್ಡನ್ನು ಹಿಡಿದೇ ಇರುತ್ತದೆ. ಡಬ್ಲ್ಯೂಎಲ್ ಬಂದರೂ ಅದಕ್ಕೆ ಏನೂ ಸಿಗುವುದಿಲ್ಲ. ಮನೆ ಖಾಲಿ ಮಾಡಿದವನು ಕೀಲಿಕೈಯನ್ನು ಅಣ್ಣನ ಕೈಯಲ್ಲಿ ಬಿಟ್ಟು ಹೋದ ಹಾಗೆ. ಸರಿ, ಎಸ್‌ಎಸ್‌ಬಿಯನ್ನೂ ಬ್ಲ್ಯಾಕ್‌ಲಿಸ್ಟಿಗೆ ಸೇರಿಸೋಣ ಎನ್ನುತ್ತೀಯ. ಅದೇ ಲ್ಯಾಪ್‌ಟಾಪಿನ ಕೇಬಲ್ ಪೋರ್ಟ್ ಬ್ರಾಡ್‌ಕಾಮಿನ 44 ಸರಣಿಯದಾಗಿದ್ದರೆ ಅದನ್ನು ನಡೆಸುವುದು ಬಿ44; ಅದಕ್ಕೂ ಎಸ್‌ಎಸ್‌ಬಿ ಬೇಕೇ ಬೇಕು. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಕಾರ್ಡಿನ ಸಂಖ್ಯೆ ನೋಡಿ ತಾನಾಗಿ ಲೋಡ್ ಆಗುವುದನ್ನು ಮಾತ್ರ. ಬೇರೊಂದು ಮಾಡ್ಯೂಲ್ ‘ನನಗೆ ಇದು ಬೇಕು’ ಎಂದು ಕರೆದರೆ ತಡೆಯಿಲ್ಲ. ಬಿ44 ಕರೆಯುತ್ತದೆ, ಎಸ್‌ಎಸ್‌ಬಿ ಬರುತ್ತದೆ, ಬಂದದ್ದು ಡಬ್ಲ್ಯೂಎಲ್‌ಗಿಂತ ಮೊದಲೇ ಆದರೆ ವೈಫೈ ಕಾರ್ಡೂ ಅದರ ಪಾಲಾಗುತ್ತದೆ. ಅಂಥ ಯಂತ್ರದಲ್ಲಿ ಬಿ44ಗಿಂತ ಮೊದಲು ಡಬ್ಲ್ಯೂಎಲ್ ಲೋಡ್ ಆಗುವಂತೆ ಸರದಿಯನ್ನೇ ತಿದ್ದಬೇಕು. ಇದ್ಯಾವುದೂ ನಾಲ್ಕು ಸಾಲಿನ ಸಲಹೆಯಲ್ಲಿ ಇರುವುದಿಲ್ಲ, ಏಕೆಂದರೆ ಬರೆದವರ ಯಂತ್ರದಲ್ಲಿ ಬಿ44 ಇದ್ದಿರಲಿಕ್ಕಿಲ್ಲ.

‘ನನಗೆ ಬೇಕಾದದ್ದು ನೆಟ್, ಇಷ್ಟೆಲ್ಲ ತಿಳಿದು ಏನಾಗಬೇಕು? ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು’ ಎಂದು ನೀನು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಳೆ ಬೆಳಿಗ್ಗೆ ಅಸೈನ್‌ಮೆಂಟ್ ಕೊಡಬೇಕಾದವರಿಗೆ ಕರ್ನಲ್ ಪಾಠ ಹೇಳುವುದು ಸರಿಯಲ್ಲ. ಈ ರಾತ್ರಿಗೆ ಫೋನನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿಕೋ, ಕೆಲಸ ಮುಗಿಸು. ಆದರೆ ಮರು-ಇನ್‌ಸ್ಟಾಲ್ ಏಕೆ ಫಲ ಕೊಡುತ್ತದೆಂದು ಒಮ್ಮೆ ಯೋಚಿಸು. ಅದು ಹೊಸದೇನನ್ನೂ ತರುವುದಿಲ್ಲ. ನೀನು ಒಂದರ ಮೇಲೊಂದು ಹೇರಿದ್ದ ಫೈಲುಗಳನ್ನು ಅಳಿಸುತ್ತದೆ, ಅಷ್ಟೇ. ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್.ಡಿ ಎಂಬಲ್ಲಿ ನೋಡಿದರೆ ಹಿಂದಿನ ಪ್ರಯತ್ನಗಳೆಲ್ಲ ಅಲ್ಲೇ ಉಳಿದಿರುತ್ತವೆ: ಒಂದು ಫೈಲು ಬಿ43 ಬೇಡ ಎನ್ನುತ್ತದೆ, ಇನ್ನೊಂದು ಡಬ್ಲ್ಯೂಎಲ್ ಬೇಡ ಎನ್ನುತ್ತದೆ, ಎರಡೂ ಒಟ್ಟಿಗೆ ಜಾರಿಯಲ್ಲಿರುತ್ತವೆ. ಇವನ್ನು ಅಲ್ಲಿ ಅಳಿಸಿದರೂ ಬೂಟ್ ಹೊತ್ತಿನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಹಳೆಯ ಪ್ರತಿ ಇರಬಹುದು. ಅದನ್ನೂ ಹೊಸದಾಗಿ ಕಟ್ಟಿಸಬೇಕು. ಎರಡು ಫೈಲು ತೆಗೆದರೆ ಆಗುವ ಕೆಲಸಕ್ಕೆ ಇಡೀ ಡಿಸ್ಕನ್ನು ಅಳಿಸುವುದು ನನಗೆ ಒಪ್ಪುವ ಮಾತಲ್ಲ.

‘ಹೇಗೋ ಒಮ್ಮೆ ಬಂತಲ್ಲ, ಸಾಕು’ ಎನ್ನುವವರಿಗೂ ಉತ್ತರವಿದೆ. ಕರ್ನಲ್‌ನ ಒಳಗಿನ ಕರೆಗಳು ಸ್ಥಿರವಾಗಿರುವುದಿಲ್ಲ. ಬೇಕೆಂದಾಗ ಬದಲಾಯಿಸುತ್ತೇವೆ ಎಂಬುದು ಅದನ್ನು ಬರೆಯುವವರು ತಿಳಿದೇ ಹಿಡಿದಿರುವ ನಿಲುವು. ಕರ್ನಲ್ ಮೂಲದೊಳಗೇ ಇರುವ ಡ್ರೈವರನ್ನು ಬದಲಾವಣೆ ಮಾಡಿದವರೇ ತಿದ್ದುತ್ತಾರೆ. ಹೊರಗಿನದನ್ನು ತಿದ್ದುವ ಹೊಣೆ ಅವರದಲ್ಲ. ಕಂಪನಿ ಡಬ್ಲ್ಯೂಎಲ್‌ನ 6.30.223.271 ಆವೃತ್ತಿಯನ್ನು ಕೊಟ್ಟದ್ದು 2015ರಲ್ಲಿ. ಅಂದಿನಿಂದ ಅದನ್ನು ಹೊಸ ಕರ್ನಲ್‌ಗಳಿಗೆ ಹೊಂದಿಸುತ್ತ ಬಂದಿರುವುದು ಡೆಬಿಯನ್, ಉಬುಂಟು ಮುಂತಾದವುಗಳ ಪ್ಯಾಕೇಜ್ ನೋಡಿಕೊಳ್ಳುವವರು ಹಾಕುವ ತೇಪೆಗಳು. ಪ್ರತಿ ಕರ್ನಲ್ ಅಪ್‌ಡೇಟಿಗೆ ಅದನ್ನು ಡಿಕೆಎಂಎಸ್ ಮತ್ತೆ ಕಟ್ಟುತ್ತದೆ. ಕಟ್ಟಲಾಗದ ದಿನ ವೈಫೈ ಇಲ್ಲ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಕಟ್ಟಿದ ಮಾಡ್ಯೂಲಿಗೆ ಯಂತ್ರ ಒಪ್ಪುವ ಸಹಿ ಇಲ್ಲವೆಂದು ಕರ್ನಲ್ ಬಾಗಿಲಲ್ಲೇ ತಡೆಯಬಹುದು. ಅಂದು ನೀನು ಮತ್ತೆ ನಾಲ್ಕು ಸಾಲು ಹುಡುಕಬೇಕು, ಅದೂ ನೆಟ್ ಇಲ್ಲದೆ. ಅದಕ್ಕೇ ಬಿ43 ಸಾಕಾಗುವ ಕಡೆ ಬಿ43ಯನ್ನೇ ಇಟ್ಟುಕೋ ಎಂಬುದು ನನ್ನ ಅಭಿಪ್ರಾಯ. ವೇಗದಲ್ಲಿ, ಬ್ಯಾಟರಿ ಉಳಿತಾಯದಲ್ಲಿ ಕೆಲವು ಯಂತ್ರಗಳಲ್ಲಿ ಡಬ್ಲ್ಯೂಎಲ್ ಮೇಲಾಗಿರಬಹುದು. ಹಾಗಿದ್ದರೆ ಅದನ್ನೇ ಆರಿಸು, ಆದರೆ ಆರಿಸಿದ್ದೇನೆ ಎಂಬುದು ನಿನಗೆ ಗೊತ್ತಿರಲಿ.

ಒಂದು ಯುಎಸ್‌ಬಿ ಡಾಂಗಲ್ ಕೊಂಡರೆ ಮುಗಿಯಲಿಲ್ಲವೇ? ಕೆಲವೊಮ್ಮೆ ಮುಗಿಯುತ್ತದೆ, ಕರ್ನಲ್‌ನಲ್ಲಿ ಬಹುಕಾಲದಿಂದ ಇರುವ ಡ್ರೈವರಿನ ಚಿಪ್ ನೋಡಿ ಕೊಂಡರೆ ದುಡ್ಡು ಸಾರ್ಥಕ. ನೋಡದೆ ಕೊಂಡರೆ ಗಂಟು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟುತ್ತದೆ, ಅಷ್ಟೇ. ಇದು ಹಳೆಯ ಬ್ರಾಡ್‌ಕಾಮಿನ ಕತೆ ಮಾತ್ರ ಎಂದುಕೊಳ್ಳಬೇಡ. ರಿಯಲ್‌ಟೆಕ್‌ನ 8821ಸಿಇ ಎಂಬ ಲ್ಯಾಪ್‌ಟಾಪ್ ಕಾರ್ಡಿಗೆ ಮೊದಲು ಹೊರಗಿನ ಡ್ರೈವರೇ ಗತಿಯಾಗಿತ್ತು. ಮುಂದೆ ಕರ್ನಲ್‌ನೊಳಗಿನ ಆರ್‌ಟಿಡಬ್ಲ್ಯೂ88 ಅದನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಹಳೆಯದನ್ನು ತೆಗೆಯದೆ ಅಪ್‌ಡೇಟ್ ಮಾಡಿಕೊಂಡವರ ಯಂತ್ರದಲ್ಲಿ ಮತ್ತೆ ಇಬ್ಬರು ಹಕ್ಕುದಾರರು.

ಎಲ್ಲಕ್ಕೂ ಜಗಳವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಬಿ43ಗೆ ಯಾರ ಪೈಪೋಟಿ ಇಲ್ಲದಿದ್ದರೂ ಚಿಪ್ಪಿನೊಳಗೆ ಓಡುವ ಫರ್ಮ್‌ವೇರ್ ಬೇಕು. ಅದನ್ನು ಹಂಚಲು ಕಂಪನಿಯ ಅನುಮತಿ ಇಲ್ಲದ್ದರಿಂದ ಬೇರೆಯಾಗಿ ತಂದುಕೊಳ್ಳಬೇಕು. ಕರ್ನಲ್ ದಾಖಲೆ ತೋರಿಸುವ ಡಿಮೆಸೇಜ್‌ನಲ್ಲಿ ಯುಕೋಡ್15 ಎಂಬ ಫೈಲು ಸಿಗಲಿಲ್ಲ ಎಂದಿದ್ದರೆ ಇಲ್ಲಿ ನಿಜವಾಗಿಯೂ ಸೇರಿಸಬೇಕಾದದ್ದು ಇದೆ. ವೈಫೈಯನ್ನು ತಡೆದಿದೆಯೇ ಎಂದು ತೋರಿಸುವ ಆರ್‌ಎಫ್‌ಕಿಲ್ ಓಡಿಸಿದಾಗ ‘ಹಾರ್ಡ್ ಬ್ಲಾಕ್’ ಕಂಡರೆ ಲ್ಯಾಪ್‌ಟಾಪಿನ ಪಕ್ಕದ ಸಣ್ಣ ಸ್ವಿಚ್ಚನ್ನು ನೋಡು. ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲದಿರಬಹುದು. ಇವನ್ನು ಬೇರ್ಪಡಿಸಿ ಹೇಳುವುದೂ ಮೊದಲು ನೋಡುವ ಆ ಎರಡು ಸಾಲುಗಳೇ.

ನೋಡಿದ ಮೇಲೆ ಯಾವ ಫೈಲನ್ನೂ ಕೂಡಲೇ ಬರೆಯಬೇಡ. ಮಾಡ್ಯೂಲ್ ಸೇರಿಸುವ, ಬಿಡಿಸುವ ಕಮಾಂಡಾದ ಮಾಡ್‌ಪ್ರೋಬ್‌ಗೆ ಆರ್ ಆಯ್ಕೆ ಕೊಟ್ಟು ಡಬ್ಲ್ಯೂಎಲ್, ಬಿ43, ಎಸ್‌ಎಸ್‌ಬಿ ಈ ಕ್ರಮದಲ್ಲಿ ಬಿಡಿಸು. ಎಸ್‌ಎಸ್‌ಬಿ ಹೊರಡಲು ಒಪ್ಪದಿದ್ದರೆ ಅದನ್ನು ಬಳಸುತ್ತಿರುವವರ ಹೆಸರನ್ನು ಎಲ್‌ಎಸ್‌ಮಾಡ್ ಬಲಬದಿಯಲ್ಲಿ ತೋರಿಸುತ್ತದೆ. ಬಿ44 ಇದ್ದರೆ ಅಲ್ಲೇ ಸಿಗುತ್ತದೆ. ಆಮೇಲೆ ನಿನಗೆ ಬೇಕಾದ ಒಂದನ್ನು ಮಾತ್ರ ಲೋಡ್ ಮಾಡಿ, ಆ ಎರಡು ಸಾಲನ್ನು ಮತ್ತೆ ಓದು. ತಪ್ಪಾದರೆ ಒಂದು ರೀಬೂಟಿಗೆ ಎಲ್ಲ ಮೊದಲಿನಂತೆ. ವೈಫೈ ಬಂತೆಂದರೆ ಆಗ ಒಂದೇ ಒಂದು ಫೈಲು ಬರೆ, ಅದರ ತಲೆಯಲ್ಲಿ ಹ್ಯಾಷ್ ಚಿಹ್ನೆ ಹಾಕಿ ತಾರೀಖು, ಕರ್ನಲ್ ಆವೃತ್ತಿ, ಯಾವ ಕಾರಣಕ್ಕೆ ಯಾರನ್ನು ತಡೆದೆ ಎಂಬುದನ್ನು ಕನ್ನಡದಲ್ಲೇ ಬರೆದಿಡು. ಹ್ಯಾಷ್ ಇರುವ ಸಾಲನ್ನು ಮಾಡ್‌ಪ್ರೋಬ್ ಓದುವುದಿಲ್ಲ. ಮುಂದಿನ ಅಪ್‌ಡೇಟಿನ ದಿನ ಅದನ್ನು ಓದುವುದು ನೀನು.

ಇತಿ,
ನಿನ್ನ ಹಿತೈಷಿ