ಕಡಲಿಗೆ ಇಳಿಯುವ ಮುನ್ನ ಹಿಜರಿ ದಿನಾಂಕ ನೋಡಿ

ಹೊನ್ನಾಳಿ, ನ್ಯಾಮತಿಯವರಿಗೆ ತುಂಗಭದ್ರೆ ಗೊತ್ತು, ಚನ್ನಗಿರಿಯವರಿಗೆ ಶಾಂತಿಸಾಗರ ಗೊತ್ತು. ಜಗಳೂರಿನ ಮಕ್ಕಳಿಗೆ ಅಷ್ಟು ನೀರು ಕಾಣುವುದೇ ಅಪರೂಪ. ಆದರೆ ಕಡಲು ಕೆರೆಯಂತೆ ನಿಲ್ಲುವುದಿಲ್ಲ, ಹೊಳೆಯಂತೆ ಒಂದೇ ಕಡೆಗೆ ಹರಿಯುವುದೂ ಇಲ್ಲ. ರಜೆಯಲ್ಲಿ ಕಾರವಾರಕ್ಕೆ ಹೊರಟಿರುವ ನೀವು ಇದನ್ನು ತಿಳಿದಿರಬೇಕು.

ಗುಡ್ಡ, ದ್ವೀಪಗಳ ಮರೆಯಿಂದಾಗಿ ಕಾರವಾರ ಕೊಲ್ಲಿಯಲ್ಲಿ ಅಲೆಗಳ ಅಬ್ಬರ ಕಡಿಮೆ. ಹಾಗೆಂದು ಮೈಮರೆಯಬೇಡಿ. ಅಲ್ಲಿ ನೀರು ಸುಮಾರು 6 ಗಂಟೆ ಏರುತ್ತದೆ, ಮತ್ತೆ ಅಷ್ಟೇ ಹೊತ್ತು ಇಳಿಯುತ್ತದೆ. ಹಿಜರಿ ತಿಂಗಳ ಆರಂಭದಲ್ಲಿ ಮತ್ತು 14, 15ರ ಆಸುಪಾಸಿನಲ್ಲಿ, ಅಂದರೆ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ, ಈ ಏರಿಳಿತ ಹೆಚ್ಚು. ನೀರು ಇಳಿಯುವಾಗ ಕಾಳಿ ನದಿಯ ಅಳಿವೆಯಲ್ಲಿ ಸೆಳೆತ ಜೋರು. ಅಲ್ಲಿ ಇಳಿಯಲೇಬೇಡಿ. ಮಳೆಗಾಲದಲ್ಲಂತೂ ಎಲ್ಲಿಯೂ ಬೇಡ.

ಮಕ್ಕಳು ನಿಮ್ಮ ಕೈಗೆಟಕುವಷ್ಟು ಹತ್ತಿರವಿರಲಿ. ಉದ್ದನೆಯ ಬಟ್ಟೆ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ಯಾರಾದರೂ ಮುಳುಗುತ್ತಿದ್ದರೆ ಧುಮುಕದೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಸಮುದ್ರದ ನೀರಿನಿಂದ ವುಝೂ ಮಾಡಬಹುದು, ಕುಡಿಯಬಾರದು. ಅದು ಬಾಯಾರಿಕೆಯನ್ನೇ ಹೆಚ್ಚಿಸುತ್ತದೆ. ಕುಡಿಯಲು ಮನೆಯಿಂದಲೇ ನೀರು ಒಯ್ಯಿರಿ. ಆಟ ಮುಗಿದ ಮೇಲೆ ಸಿಹಿನೀರಿನಲ್ಲಿ ಮೈ ತೊಳೆಯಿರಿ, ಕಸವನ್ನು ಚೀಲದಲ್ಲಿ ವಾಪಸ್ ತನ್ನಿ.