ಕೌದಿ: ಕೈಹೊಲಿಗೆಯ ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಇತಿಹಾಸವನ್ನು ಬರೆಯುವವರು ಬೇರೆ ಇದ್ದಾರೆ. ದಾನಿಗಳ ಔದಾರ್ಯವನ್ನೂ ಕಟ್ಟಡದ ಕಥೆಯನ್ನೂ ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು. ಸಂಪಾದಕ ಮಂಡಳಿಯವರು ನನ್ನಿಂದ ಬಯಸಿದ್ದು ಒಂದು ಪಾಠವನ್ನು. ಮೂರು ದಶಕಗಳ ಕಾಲ ಕನ್ನಡ, ಗಣಿತಗಳನ್ನು ಕಲಿಸಿದ ಮುದುಕನು ಮತ್ತೆ ಸಂಧಿ-ಸಮಾಸಗಳನ್ನೇ ಬರೆದಾನೆಂದು ಅವರು ಎಣಿಸಿರಬೇಕು. ನಾನು ಆರಿಸಿಕೊಂಡ ವಿಷಯ ಕೌದಿ. ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿ ಹುಟ್ಟಿ ಬೆಳೆದ ಓದುಗರೆಲ್ಲ ಅದರ ಮೇಲೆ ಮಲಗಿಯೇ ದೊಡ್ಡವರಾದವರು. ಆದರೆ ಅದನ್ನು ಹೊಲಿಯಬಲ್ಲವರು ಈಗ ನಿಮ್ಮ ಓಣಿಯಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಈ ಲೇಖನ ಓದುವ ಮುನ್ನ ಒಮ್ಮೆ ಎಣಿಸಿ ನೋಡಿರಿ.

ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಸೂಜಿಯಿಂದ ಸಾಲುಸಾಲಾಗಿ ಹೊಲಿದ ಹಾಸಿಗೆಯೂ ಹೊದಿಕೆಯೂ ಆದ ವಸ್ತುವೇ ಕೌದಿ. ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ಇರುವ ಹೆಸರೇ ನಮ್ಮಲ್ಲಿಯೂ ಇದೆ. ಗೋಡೆಯಾಚೆಯ ಮರಾಠಿ ಮನೆಯಲ್ಲಿ ಅದು ಗೋಧಡಿ ಅಥವಾ ವಾಕಳ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ರಾಜಸ್ಥಾನ ಮತ್ತು ಸಿಂಧದ ರಲ್ಲಿ ಇವೆಲ್ಲ ಇದೇ ಕುಲದವು. ಸಂಸ್ಕೃತದಲ್ಲಿ ಕಂಥಾ ಎಂದರೆ ತೇಪೆ ಹಚ್ಚಿದ ಬಟ್ಟೆ. ಬೌದ್ಧರ ವಿನಯಪಿಟಕದಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವಿದೆ: ಬದುಗಳಿಂದ ವಿಭಾಗವಾದ ಮಗಧದ ಗದ್ದೆಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ತುಂಡು ಜೋಡಿಸಿ ಭಿಕ್ಷುಗಳ ಚೀವರವನ್ನು ಸಿದ್ಧಪಡಿಸಲಾದೀತೇ ಎಂದು ಬುದ್ಧನು ಆನಂದನನ್ನು ಕೇಳುತ್ತಾನೆ, ಆನಂದನು ಹೊಲಿಸಿ ತೋರಿಸುತ್ತಾನೆ. ತುಂಡು ಬಟ್ಟೆಯ ಜೋಡಣೆಯನ್ನು ಬಡತನದ ಗುರುತೆಂದು ಮಾತ್ರ ತಿಳಿದವರು ಈ ಪ್ರಸಂಗವನ್ನು ಗಮನಿಸಬೇಕು.

ಈಗ ಪಾಠಕ್ಕೆ ಬರೋಣ. ಮೊದಲು ಅರಿವೆಯ ಆಯ್ಕೆ. ನಮ್ಮ ಅವ್ವಂದಿರು ಉಡುತ್ತಿದ್ದ ಒಂಬತ್ತು ಗಜದ ಸೀರೆಯ ಉದ್ದ 27 ಅಡಿ, ಪನ್ನ ಹೆಚ್ಚುಕಡಿಮೆ 4 ಅಡಿ. ಅದನ್ನು 6 ಅಡಿಗೊಂದರಂತೆ ಕತ್ತರಿಸಿದರೆ ನಾಲ್ಕು ಪದರು ದೊರೆಯುತ್ತವೆ, 3 ಅಡಿ ಉಳಿಯುತ್ತದೆ. ನಾಲ್ಕು ಪದರು ಕೌದಿಯ ಒಡಲಾಯಿತು. ಉಳಿದ 3 ಅಡಿಯು ಮೇಲಿನ ತುಂಡುಗಳಿಗೆ. ಎಲ್ಲಿಯೂ ಜೋಡು ಹಾಕುವ ಪ್ರಮೇಯವಿಲ್ಲ. ಒಬ್ಬ ಮನುಷ್ಯನ ಹಾಸಿಗೆಗೆ ಒಂದು ಹಳೆಯ ಸೀರೆ ಸರಿಯಾಗಿ ಸಾಲುವುದನ್ನು ಕಂಡು ನನಗೆ ಹಿಂದೆಯೂ ಬೆರಗಾಗಿತ್ತು, ಇಂದಿಗೂ ಬೆರಗೇ. ಹರಿದ ಭಾಗಗಳು ಒಂದರ ಮೇಲೊಂದು ಬಾರದಂತೆ ಪದರುಗಳನ್ನು ತಿರುಗಿಸಿ ಹಾಸಬೇಕು. ಗಟ್ಟಿಯಾದವು ಮೇಲೆ ಕೆಳಗೆ, ಸವೆದವು ನಡುವೆ.

ಇಳಕಲ್ ಸೀರೆಯಾದರೆ ಒಂದು ಎಚ್ಚರಿಕೆ ಬೇಕು. ಅದರ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಹತ್ತಿಯೂ ರೇಷ್ಮೆಯೂ ನೀರಿನಲ್ಲಿ ಒಂದೇ ಸಮನೆ ಕುಗ್ಗುವುದಿಲ್ಲ. ಆದ್ದರಿಂದ ಸೆರಗನ್ನು ಒಳಪದರಾಗಿ ಹಾಕದೆ ಬೇರ್ಪಡಿಸಿ, ಮೇಲೆ ಅಂದಕ್ಕಾಗಿ ಬಳಸುತ್ತಿದ್ದರು. ಗಟ್ಟಿ ನೇಯ್ಗೆಯ ದಡಿಯು ಕೌದಿಯ ನಾಲ್ಕೂ ಅಂಚಿಗೆ ಬರುತ್ತಿತ್ತು. ಮೊದಲು ಸವೆಯುವುದು ಅಂಚೇ ಅಲ್ಲವೆ! ಧೋತರ, ಅಂಗಿಯ ಬೆನ್ನು, ಕುಪ್ಪಸದ ಖಣ, ಮಕ್ಕಳ ಲಂಗ ಇವೆಲ್ಲ ತುಂಡುಗಳಾಗುತ್ತಿದ್ದವು. ಹೊಸ ಅರಿವೆಯನ್ನು ಸೇರಿಸುವುದಿದ್ದರೆ ಮೊದಲು ಎರಡು ಸಲ ಒಗೆದು ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಅದೊಂದೇ ಕುಗ್ಗಿ ಸುತ್ತಲಿನ ಹಳೆಯ ಬಟ್ಟೆಯನ್ನು ನೆರಿಗೆಗಟ್ಟಿಸುತ್ತದೆ.

ತುಂಡುಗಳನ್ನು ಕತ್ತರಿಸುವಾಗ ಹಾಸು-ಹೊಕ್ಕಿನ ಎಳೆ ನೋಡಿಕೊಂಡೇ ಕತ್ತರಿಸತಕ್ಕದ್ದು. ಎಳೆಯ ನೇರಕ್ಕೆ ಕತ್ತರಿಸಿದ ಅಂಚು ಹಿಗ್ಗುವುದಿಲ್ಲ. ಓರೆಯಾಗಿ ಕತ್ತರಿಸಿದ ಅಂಚನ್ನು ಎಳೆದಷ್ಟೂ ಹಿಗ್ಗುತ್ತದೆ. ಚೌಕವನ್ನು ಮಡಚಿ ತ್ರಿಕೋನ ಮಾಡಿದಾಗ ಕರ್ಣದ ಬದಿ ಓರೆಯಾಗುವುದರಿಂದ, ಅನುಭವಿಗಳು ಆ ಬದಿಯನ್ನು ಎಳೆಯದೆ ಅಂಗೈಯಿಂದ ಒತ್ತಿ ಮೊದಲು ಅದನ್ನೇ ಹೊಲಿದು ಬಂಧಿಸುತ್ತಿದ್ದರು. ಪೈಥಾಗೊರಸನ ಹೆಸರು ಕೇಳದವರ ಬೆರಳಿಗೆ ಕರ್ಣದ ಗುಣ ತಿಳಿದಿತ್ತು. ಪ್ರತಿ ತುಂಡಿನ ಅಂಚನ್ನು ಕಾಲು ಇಂಚಿನಷ್ಟು ಒಳಕ್ಕೆ ಮಡಚಬೇಕು. ಮಡಿಕೆ ಕಡಿಮೆಯಾದರೆ ಒಗೆಯುವಾಗ ಎಳೆ ಬಿಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಅಲ್ಲಿ ಗಂಟುಗಟ್ಟಿ ಸೂಜಿ ಹಾಯುವುದಿಲ್ಲ.

ದಾರವು ಹತ್ತಿಯದಿರಲಿ, ಜೋಡಿ ಎಳೆಯಿರಲಿ. ಉದ್ದ ಮಾತ್ರ ಎರಡು ಮೊಳವನ್ನು ಮೀರದಿರಲಿ. ಉದ್ದ ದಾರದಿಂದ ಸೂಜಿಗೆ ದಾರ ಪೋಣಿಸುವ ಶ್ರಮ ಉಳಿಯಿತೆಂದು ಹೊಸಬರು ಸಂತೋಷಪಡುತ್ತಾರೆ. ಆದರೆ ಅದು ತೊಡಕುಬೀಳುತ್ತದೆ. ಬಟ್ಟೆಯಲ್ಲಿ ನೂರಾರು ಸಲ ಹಾಯ್ದು ತುದಿ ಮುಟ್ಟುವ ಮೊದಲೇ ಸವೆದಿರುತ್ತದೆ. ಗಂಟು ಪದರುಗಳ ನಡುವೆ ಅಡಗಬೇಕು, ಮೈಗೆ ಒತ್ತಬಾರದು.

ಹೊಲಿಗೆಯ ಕ್ರಮದಲ್ಲಿ ಎರಡು ಬಗೆ. ಅಡ್ಡ ಅಥವಾ ಉದ್ದ ಸಾಲುಗಳಾಗಿ ನೇರ ಹೊಲಿದು ಹೋಗುವುದು ಒಂದು. ಹೊರ ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಬರುವುದು ಇನ್ನೊಂದು. ಪಾಶ್ಚಾತ್ಯ ದೇಶಗಳ ಕೌದಿಗಾರ್ತಿಯರು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಹೊಲಿಯುತ್ತಾರೆ. ಸಡಿಲ ಬಟ್ಟೆ ಅಂಚಿಗೆ ಸರಿಯುತ್ತದೆ, ಕೊನೆಗೆ ಅಂಚಿಗೆ ಬೇರೆ ಪಟ್ಟಿ ಕಟ್ಟುತ್ತಾರೆ. ನಮ್ಮವರಿಗೆ ಅಳತೆಯನ್ನು ಸೀರೆಯ ಪನ್ನವೇ ನಿರ್ಧರಿಸಿಕೊಟ್ಟಿರುವುದರಿಂದ ಅಂಚು ಮೊದಲೇ ಮುಗಿದುಬಿಡುತ್ತದೆ, ಬೇರೆ ಪಟ್ಟಿ ಬೇಕಿಲ್ಲ. ಆದರೆ ಸಡಿಲವೆಲ್ಲ ನಡುವಿಗೆ ಬಂದು ಸೇರುವ ಅಪಾಯವುಂಟು. ಪ್ರತಿ ಸುತ್ತಿಗೂ ಅಂಗೈಯಿಂದ ಬಟ್ಟೆಯನ್ನು ನೇವರಿಸಿ ಹಂಚಿಕೊಳ್ಳದಿದ್ದರೆ ಕೊನೆಯಲ್ಲಿ ನಡುವೆ ಗುಬ್ಬಿಯಂತೆ ಉಬ್ಬು ನಿಲ್ಲುತ್ತದೆ. ಈ ನೇವರಿಕೆಯನ್ನು ಬರಹದಿಂದ ಕಲಿಸಲಾಗದು. ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಇಲ್ಲಿ ಗಣಿತದ ಮೇಷ್ಟ್ರಿಗೆ ಸ್ವಲ್ಪ ಅವಕಾಶ ಕೊಡಿರಿ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಯಲ್ಲಿ ಸಾಲಿಗೂ ಸಾಲಿಗೂ ಒಂದು ಬೆರಳು, ಅಂದರೆ ಮುಕ್ಕಾಲು ಇಂಚು ಅಂತರವಿರಲಿ. 48 ಇಂಚು ಅಗಲದಲ್ಲಿ 64 ಸಾಲುಗಳು. ಒಂದೊಂದೂ 6 ಅಡಿ. ಒಟ್ಟು 384 ಅಡಿ ಹೊಲಿಗೆ. ಇಂಚಿಗೆ ನಾಲ್ಕರಂತೆ ಎಣಿಸಿದರೆ 18,432 ಹೊಲಿಗೆಗಳು! ಸುತ್ತುಸುತ್ತಾಗಿ ಹೊಲಿದರೆ ಕಡಿಮೆಯಾಗುವುದೇ ಎಂದು ತರಗತಿಯಲ್ಲಿ ಕೇಳುತ್ತಿದ್ದೆ. ಆಗುವುದಿಲ್ಲ. ಕ್ಷೇತ್ರಫಲವನ್ನು ಅಂತರದಿಂದ ಭಾಗಿಸಿದರೆ ಬರುವುದೇ ಹೊಲಿಗೆಯ ಉದ್ದ. ದಾರಿ ಯಾವುದಾದರೂ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಒಬ್ಬಳು ಗಂಟೆಗೆ 12 ಅಡಿ ಹೊಲಿಯುವಳೆಂದು ಇಟ್ಟುಕೊಂಡರೆ 32 ಗಂಟೆ ಬೇಕು. ನಾಲ್ವರು ನಾಲ್ಕು ಬದಿಗೆ ಕುಳಿತರೆ 8 ಗಂಟೆ, ಒಂದು ಹಗಲು.

ನಾಲ್ವರು ಕೂಡುವುದಕ್ಕೆ ಈ ಲೆಕ್ಕ ಮಾತ್ರವೇ ಕಾರಣವಾಗಿರಲಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿದು, ಮೃಗಶಿರ ಮಳೆ ಬರುವವರೆಗಿನ ಚೈತ್ರ-ವೈಶಾಖಗಳಲ್ಲಿ ಹೆಣ್ಣುಮಕ್ಕಳ ಕೈಗೆ ಕೊಂಚ ಬಿಡುವು ದೊರೆಯುತ್ತಿತ್ತು. ಪಡಸಾಲೆಯಲ್ಲಿ ಕೌದಿ ಹಾಸಿದರೆಂದರೆ ನೆರೆಯ ವೈನಿ, ಎದುರುಮನೆಯ ದೊಡ್ಡವ್ವ ಸೂಜಿ ಹಿಡಿದೇ ಬರುತ್ತಿದ್ದರು. ಇಂದು ನಿನ್ನ ಮನೆಯದು, ನಾಡಿದ್ದು ನನ್ನ ಮನೆಯದು. ಹೊಲದ ಕೆಲಸದಂತೆ ಇದೂ ಮುಯ್ಯಿಯ ಲೆಕ್ಕ. ಮಗಳ ಚೊಚ್ಚಲ ಬಾಣಂತನಕ್ಕೆ ತೊಟ್ಟಿಲ ಕೌದಿ, ಕುಲಾವಿ, ಕುಂಚಿಗೆ ಹೊಲಿಯುವುದಿದ್ದರೆ ಕರೆಯದವರೂ ಬರುತ್ತಿದ್ದರು. ತುಂಬು ಬಾಳು ಬಾಳಿದ ಹಿರಿಯರ ಸೀರೆಯ ತುಂಡೊಂದು ಅದರಲ್ಲಿ ಇರಲೇಬೇಕು. ನಂಬಿಕೆಯ ಮಾತು ಹಾಗಿರಲಿ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿಯು ಎಳೆಯ ಚರ್ಮಕ್ಕೆ ಹಿತವೆಂಬುದು ಅನುಭವದ ಮಾತು. ಬೆಚ್ಚಗಿಡುವ ಗುಣವೂ ಪವಾಡವಲ್ಲ: ಪದರುಗಳ ನಡುವೆ ಸಿಕ್ಕ ಗಾಳಿಯು ಮೈಯ ಶಾಖವನ್ನು ಹೊರಗೆ ಬಿಡದು.

ನಮ್ಮ ಶಾಲೆಯ ಕಾರ್ಯಾನುಭವ ತಾಸಿಗೆ ಕೆಲವು ತಾಯಂದಿರನ್ನು ಕರೆಸಿ ಮಕ್ಕಳಿಗೆ ಕೌದಿ ಕಲಿಸಿದ್ದುಂಟು. ಬಂದವರಲ್ಲಿ ಒಬ್ಬ ಅಜ್ಜಿಗೆ ಕನ್ನಡ ಬಾರದು, ಮರಾಠಿ ಮಾತ್ರ. ಅವರು ಮಗುವಿನ ಕೈಮೇಲೆ ತಮ್ಮ ಕೈಯಿಟ್ಟು ಸೂಜಿ ನಡೆಸಿದರು. ಎರಡು ವಾರಗಳಲ್ಲಿ ಮಕ್ಕಳ ಬಾಯಲ್ಲಿ ಟಾಕಾ ಎಂಬ ಮಾತೂ, ಅಜ್ಜಿಯ ಬಾಯಲ್ಲಿ ಹೊಲಿಗೆ, ದಡಿ, ಸೆರಗು ಎಂಬ ಮಾತುಗಳೂ ಸೇರಿಕೊಂಡವು. ಗಂಡುಮಕ್ಕಳಿಗೆ ಇದೇಕೆ ಎಂದು ಕೇಳಿದ ಪಾಲಕರೂ ಇದ್ದರು. ಊರಿನ ದರ್ಜಿಗಳು ಗಂಡಸರಲ್ಲವೇ ಎಂದು ಉತ್ತರಿಸಿದೆ; ಅವರು ನಕ್ಕು ಸುಮ್ಮನಾದರು.

ಕಲೆ ಹಂಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳನ್ನು ನೋಡಬೇಕು. ಆಫ್ರಿಕ ಮೂಲದ ಈ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಅವರ ಹೊದಿಕೆಯ ಹೆಸರು ಕವಂದಿ. ಹೊರ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದು, ಮೂಲೆಗಳಿಗೆ ಮಡಚಿದ ತ್ರಿಕೋನ ತುಂಡುಗಳನ್ನು ಸೇರಿಸುತ್ತಾರೆ; ಅದಕ್ಕೆ ಹೂವೆಂದು ಹೆಸರು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಣ್ಣುಮಕ್ಕಳ ಸಹಕಾರಿ ಕೂಟವೊಂದು ಆರಂಭವಾಯಿತು. ಕವಂದಿಗಳು ಅಮೆರಿಕದ ಪ್ರದರ್ಶನಗಳನ್ನು ಕಂಡವು. ಅಲ್ಲಿನ ಹೊಲಿಗೆಗಾರ್ತಿಯರು ಆ ಕ್ರಮವನ್ನು ಕಲಿತು ತಮ್ಮ ಗೆಳತಿಯರಿಗೆ ಕಲಿಸಿದರು. ಮನೆಯಲ್ಲಿ ಹಾಸಿಕೊಂಡಿದ್ದು ಗೋಡೆಯ ಮೇಲೆ ತೂಗಿತೆಂದು ಹೆಮ್ಮೆ ಪಡುವುದಕ್ಕಿಂತ, ಹೊಲಿದ ಕೈಗಳ ಹೆಸರು ಜೊತೆಗೆ ಹೋಯಿತೇ, ದುಡ್ಡು ಆ ಕೈಗೆ ಮರಳಿತೇ ಎಂಬುದನ್ನು ಗಮನಿಸುವುದು ಮುಖ್ಯ. ಬೆಂಗಳೂರು, ಪುಣೆಗಳ ಅಂಗಡಿಗಳಲ್ಲಿ ಕೌದಿ ಕೊಳ್ಳುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಎರಡು ಪ್ರಶ್ನೆಗಳನ್ನು ಕೇಳಿಯೇ ಕೊಳ್ಳಲಿ.

ನಮ್ಮಲ್ಲಿ ಕೌದಿ ಹಿಂದೆ ಸರಿದಿದ್ದಕ್ಕೆ ಬರೀ ಆಲಸ್ಯ ಕಾರಣವಲ್ಲ. ಪಾಲಿಯೆಸ್ಟರ್ ಸೀರೆ ಬಂತು. ಅದು ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಜಾರುವುದರಿಂದ ಪದರು ನಿಲ್ಲುವುದಿಲ್ಲ. ಸೊಲ್ಲಾಪುರದ ಚಾದರ ಕೈಗೆಟಕುವ ಬೆಲೆಗೆ ದೊರೆಯಿತು, ಅದೂ ನಮ್ಮ ನೇಕಾರರದೇ. ನಾಲ್ವರು ಒಂದೇ ಹಗಲು ಬಿಡುವಾಗಿರುವ ಓಣಿಯೂ ಅಪರೂಪವಾಯಿತು. ಹಳೆಯ ಹತ್ತಿ ಸೀರೆಗಳು ಇನ್ನೂ ಅನೇಕ ಮನೆಗಳ ಟ್ರಂಕಿನಲ್ಲಿವೆ. ಹೊಲಿಯಬಲ್ಲ ಅಜ್ಜಿಯರ ಕಣ್ಣು ಮಾತ್ರ ಮಂಜಾಗುತ್ತಿದೆ. ದಾರ ಪೋಣಿಸಿಕೊಡಲು ಮೊಮ್ಮಕ್ಕಳು ಬೇಕು.

ಮಹೋತ್ಸವ ಮುಗಿದ ಮೇಲೆ ಬರುವ ಬೇಸಿಗೆ ರಜೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಶಾಲೆಯ ಹಳೆಯ ಪಡಸಾಲೆಯಲ್ಲಿ ಕೌದಿ ಹಾಸುವುದಕ್ಕೆ ಆಡಳಿತ ಮಂಡಳಿಯವರು ಒಪ್ಪಿದ್ದಾರೆ. ಬರುವವರು ಒಗೆದ ಒಂದು ಹತ್ತಿ ಸೀರೆ, ದಪ್ಪ ಸೂಜಿ, ಬಿಳಿ ದಾರದ ಉಂಡೆ ತರಬೇಕು. ಮನೆಯಲ್ಲಿ ಹಳೆಯ ಕೌದಿಯಿದ್ದರೆ ಅದನ್ನೂ ತನ್ನಿರಿ. ಯಾವ ತುಂಡು ಯಾರ ಬಟ್ಟೆಯದೆಂದು ಹೇಳಬಲ್ಲ ಹಿರಿಯರನ್ನು ಜೊತೆಗೆ ಕರೆತನ್ನಿರಿ. ಬರೆದಿಟ್ಟುಕೊಳ್ಳಲು ಇನ್ನೂರು ಪುಟದ ವಹಿಯೊಂದನ್ನು ನಾನು ತಂದಿರುತ್ತೇನೆ.