ಬಚ್ಚಂಗಾಯಿ ಕೊಯ್ಯುವ ಮುನ್ನ

ವಿದ್ಯಾನಗರದ ಮುರಕಲ್ಲಿನ ಹಿತ್ತಿಲಲ್ಲೂ ಬಚ್ಚಂಗಾಯಿ ಬೆಳೆಯಬಹುದು. ಡಿಸೆಂಬರಿನಲ್ಲಿ ಅಗಲವಾದ ಗುಂಡಿ ತೋಡಿ, ಮೇಲ್ಮಣ್ಣು, ಹಟ್ಟಿಗೊಬ್ಬರ ತುಂಬಿ ಬೀಜ ಹಾಕಿ. ದಿನವಿಡೀ ಬಿಸಿಲು ಬೀಳಬೇಕು. ತೆಂಗಿನ ನೆರಳಲ್ಲಿ ಬಳ್ಳಿ ಹಬ್ಬೀತು, ಹಣ್ಣು ಸಿಹಿಯಾಗದು. ಜೇನ್ನೊಣ ಕಾಣದಿದ್ದರೆ ಬೆಳಗ್ಗೆಯೇ ಗಂಡುಹೂ ಕಿತ್ತು, ಬುಡದಲ್ಲಿ ಪುಟ್ಟ ಮಿಡಿಯಿರುವ ಹೆಣ್ಣುಹೂವಿಗೆ ಮುಟ್ಟಿಸಿ.

ಕೊಯ್ಲಿಗೆ ಮಾತ್ರ ದಯವಿಟ್ಟು ಅವಸರ ಬೇಡ. ಬಳ್ಳಿಯಿಂದ ಬೇರ್ಪಟ್ಟ ಮೇಲೆ ಬಚ್ಚಂಗಾಯಿಯ ಸಿಹಿ ಹೆಚ್ಚುವುದಿಲ್ಲ. ತಟ್ಟಿ ನೋಡುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿದೆಯೇ, ನೆಲಕ್ಕೆ ತಾಗಿದ ಭಾಗ ಬಿಳುಪು ಹೋಗಿ ಹಳದಿಯಾಗಿದೆಯೇ ನೋಡಿ. ಕೊಯ್ಲು ಹತ್ತಿರವಾದಾಗ ನೀರು ಕಡಿಮೆ ಮಾಡಿ.

ಇಬ್ಬುಡ್ಲು ಬೆಳೆಸಿದ್ದರೆ ಲೆಕ್ಕ ಬೇರೆ: ಪರಿಮಳ ಬಂದು ಸಿಪ್ಪೆ ಬಿರಿಯತೊಡಗಿದ ದಿನವೇ ಕೊಯ್ದು, ಬೆಲ್ಲ, ತೆಂಗಿನಹಾಲು ಬೆರೆಸಿ ರಸಾಯನ ಮಾಡಿ.